ಗುಂಡಿ ಪಕ್ಷ, ಬೆರಳು ಪಕ್ಷ

ಲ್ಯಾಪ್‌ಟಾಪ್ ರಿಪೇರಿಗೆ ಹೊಸದಾಗಿ ಬರುವವರಿಗೆ ನಾನು ಹೇಳುವ ಮೊದಲ ಮಾತು ಇದು. ಗಿರಾಕಿ ಮಷಿನ್ನನ್ನು ಟೇಬಲ್ಲಿನ ಮೇಲೆ ಇಟ್ಟ ಕೂಡಲೇ ಸ್ಕ್ರೂಡ್ರೈವರಿಗೆ ಕೈ ಹಾಕಬೇಡಿ. ಮೊದಲು ಆ ಗಿರಾಕಿಯ ಕೈ ನೋಡಿ. ಎಣ್ಣೆ ಹತ್ತಿದ ಕೈಯೋ, ಸುಣ್ಣ ಹತ್ತಿದ ಕೈಯೋ, ಉಗುರು ಬೆಳೆದಿವೆಯೋ, ಬೆರಳಿಗೆ ಉಂಗುರ ಇವೆಯೋ ನೋಡಿ. ಮಷಿನ್ನು ಒಳಗಿನಿಂದ ಕೆಡುತ್ತದೆ ಎಂದು ನಿಮಗೆ ಕ್ಲಾಸಿನಲ್ಲಿ ಕಲಿಸಿರುತ್ತಾರೆ. ನಾನು ಕಂಡ ತಕರಾರುಗಳಲ್ಲಿ ಬಹಳಷ್ಟು ಬೆರಳ ತುದಿಯಲ್ಲೇ ಹುಟ್ಟಿದವು.

ನನಗೆ ಯಾರೂ ನಿವೃತ್ತಿ ಕೊಡಲಿಲ್ಲ, ಸಣ್ಣ ಸ್ಕ್ರೂಗಳೇ ಕೊಟ್ಟವು. ಅವು ಕಣ್ಣಿಗೆ ಕಾಣದಂತಾದ ಮೇಲೆ ನಾನೇ ಎದ್ದು ಮನೆಗೆ ಬಂದೆ. ಅಲ್ಲಿಯವರೆಗೆ ವಿಜಯಪುರದ ಗಾಂಧಿ ಚೌಕದ ಹತ್ತಿರದ ಒಂದೇ ಅಂಗಡಿಯಲ್ಲಿ, ಒಂದೇ ಟೇಬಲ್ಲಿನ ಮುಂದೆ, ಒಬ್ಬರೇ ಮಾಲಕರ ಕೈಕೆಳಗೆ ಕೂತಿದ್ದೆ. ಟಿವಿ ರಿಪೇರಿ ಕಲಿತವನು ನಾನು. ಟಿವಿ ಹೋಗಿ ಕಂಪ್ಯೂಟರ್ ಬಂತು, ಅದು ಮಡಚಿಕೊಂಡು ಲ್ಯಾಪ್‌ಟಾಪ್ ಆಯಿತು, ಅದರ ಜೊತೆ ನಾನೂ ಕಲಿಯುತ್ತಾ ಹೋದೆ. ಇಷ್ಟು ವರ್ಷ ಈ ಕೆಲಸ ನನಗೆ ಒಂದು ದಿನವೂ ಬೇಸರ ತರಿಸಲಿಲ್ಲ. ಕಾರಣ ಕೇಳಿದರೆ ಜಗಳ ಎನ್ನುತ್ತೇನೆ.

ಜಗಳ ನನಗೂ ನಮ್ಮ ಮಾಲಕರಿಗೂ. ಅವರ ಹೆಸರು ಶಂಕ್ರಪ್ಪ. ವ್ಯಾಪಾರದ ಮನೆತನ, ಮೆತ್ತಗಿನ ಮಾತು, ಹೊಸದೆಂದರೆ ಪ್ರಾಣ. ಪೇಟೆಗೆ ಯಾವ ಹೊಸ ಮಾಡೆಲ್ ಬಂದರೂ ಊಟ ಬಿಟ್ಟು ಅದರ ಮುಂದೆ ಕೂಡುವ ಮನುಷ್ಯ. ನಾನು ಅದಕ್ಕೆ ಪೂರ್ತಿ ತದ್ವಿರುದ್ಧ. ಹಳೆಯ ದಪ್ಪ ಮಷಿನ್ನುಗಳಲ್ಲಿ ಪರದೆಯ ಮೇಲಿನ ಬಾಣ ಆಡಿಸುವ ಟಚ್‌ಪ್ಯಾಡ್ ಪಟ್ಟಿಯ ಕೆಳಗೆ ಎರಡು ಗುಂಡಿ ಇರುತ್ತಿದ್ದವು. ಬ್ಯಾಟರಿಗೆ ಒಂದು ಚಿಲಕ ಇರುತ್ತಿತ್ತು, ಸರಿಸಿದರೆ ಕೈಗೆ ಬರುತ್ತಿತ್ತು. ಕೀಬೋರ್ಡ್ ಕೆಟ್ಟರೆ ಎರಡು ಸ್ಕ್ರೂ ಬಿಚ್ಚಿ ಹೊಸದನ್ನು ಕೂರಿಸಬಹುದಿತ್ತು. ಆಮೇಲೆ ಬ್ಯಾಟರಿಯನ್ನು ಅಂಟು ಹಾಕಿ ಒಳಗೆ ಕೂಡಿಸಿದರು, ಕೀಬೋರ್ಡನ್ನು ಮೈಗೇ ರಿವೆಟ್ ಹೊಡೆದು ಕೂರಿಸಿದರು. ಕಡೆಗೆ ಪಟ್ಟಿಯ ಕೆಳಗಿನ ಗುಂಡಿಗಳನ್ನೂ ತೆಗೆದು ಎಲ್ಲ ಸಪಾಟು ಮಾಡಿದರು. ಆ ಗುಂಡಿ ಹೋದ ದಿನ ನನಗೆ ನಿಜವಾಗಿ ಸಿಟ್ಟು ಬಂದಿತ್ತು. ಗುಂಡಿ ಒತ್ತಿದರೆ ಟಕ್ ಅನ್ನುತ್ತದೆ, ಆ ಟಕ್ ಅನ್ನುವುದೇ ನಿಮಗೆ ಸಿಗುವ ರಸೀದಿ, ಸಪಾಟು ಹಲಗೆ ಏನು ರಸೀದಿ ಕೊಡುತ್ತದೆ ಎಂಬುದು ನನ್ನ ವಾದ. ಕೂಸು ಹುಟ್ಟಿದ ಮೇಲೆ ಮೊದಲು ಮುಟ್ಟುವುದನ್ನು ಕಲಿಯುತ್ತದೆ, ಒತ್ತುವುದನ್ನಲ್ಲ, ಆದ್ದರಿಂದ ಪರದೆಯನ್ನೇ ಬೆರಳಿನಿಂದ ಮುಟ್ಟುವ ಕಾಲ ಬರಲೇಬೇಕು ಎಂಬುದು ಮಾಲಕರ ವಾದ.

ಟಚ್ ಪರದೆಯ ಲ್ಯಾಪ್‌ಟಾಪ್ ನಮ್ಮ ಅಂಗಡಿಗೆ ಬಂದ ಮೇಲಂತೂ ಅಂಗಡಿ ಎರಡು ಪಕ್ಷವಾಯಿತು. ನಾನು ಗುಂಡಿ ಪಕ್ಷ, ಅವರು ಬೆರಳು ಪಕ್ಷ. ಚಹಾ ಕುಡಿಯಲು ಬಂದವರೂ ಯಾವುದಾದರೂ ಒಂದು ಪಕ್ಷಕ್ಕೆ ಸೇರಲೇಬೇಕಿತ್ತು. ಚಾರ್ಜರ್ ಕೇಳಲು ಬಂದ ಗಿರಾಕಿಯನ್ನು ನಿಲ್ಲಿಸಿ ನಾವಿಬ್ಬರೂ ಎರಡು ಕಡೆಯಿಂದ ನ್ಯಾಯ ಕೇಳುತ್ತಿದ್ದೆವು. ಪಾಪ, ಚಾರ್ಜರ್ ಮರೆತು ಹೋದವರೂ ಇದ್ದಾರೆ.

ಕಾಖಂಡಕಿಯ ಒಬ್ಬ ಶಿಕ್ಷಕಿಯ ಪ್ರಕರಣ ಹೇಳಲೇಬೇಕು. ಅವರು ಟೈಪ್ ಮಾಡುವಾಗ ಬಾಣ ತಾನೇ ಜಿಗಿದು ಬೇರೆ ಸಾಲಿಗೆ ಹೋಗುತ್ತಿತ್ತು, ಪ್ರಶ್ನೆಪತ್ರಿಕೆಯ ಮೊದಲ ಪ್ರಶ್ನೆಯ ಬಾಲ ಕೊನೆಯ ಪ್ರಶ್ನೆಗೆ ಹತ್ತುತ್ತಿತ್ತು. ನಾನು ಬಿಚ್ಚಿದೆ, ಒರೆಸಿದೆ, ಮುಚ್ಚಿದೆ. ನನ್ನ ಕೈಯಲ್ಲಿ ಮಷಿನ್ನು ಬಲು ಶಿಸ್ತಿನಿಂದ ನಡೆಯಿತು. ಅವರು ಊರಿಗೆ ಒಯ್ದರೆ ಮತ್ತೆ ಅದೇ ಗೋಳು. ಪಟ್ಟಿಯನ್ನೇ ಬದಲಿಸಿದೆ, ಆದರೂ ಜಿಗಿತ ನಿಲ್ಲಲಿಲ್ಲ. ಕೊನೆಗೆ ಮಾಲಕರೇ ಅವರನ್ನು ಕೂಡಿಸಿ, ನೀವೇ ಒಂದಷ್ಟು ಟೈಪ್ ಮಾಡಿ ಎಂದರು. ಅವರು ಕೈ ಇಟ್ಟರು. ಎರಡೂ ಕೈಯ ಬಂಗಾರದ ಪಾಟ್ಲಿ ಬಳೆಗಳು ಇಳಿದು ಬಂದು ನೇರ ಪಟ್ಟಿಯ ಮೇಲೆ ಕೂತವು. ಒಂದೊಂದು ಅಕ್ಷರಕ್ಕೂ ಪಾಟ್ಲಿ ಪಟ್ಟಿಯನ್ನು ಸವರುತ್ತಿತ್ತು, ಬಾಣ ಜಿಗಿಯದೆ ಏನು ಮಾಡೀತು? ನನ್ನ ಕೈಯಲ್ಲಿ ಪಾಟ್ಲಿ ಇಲ್ಲವಲ್ಲ, ನನಗೆ ಹೇಗೆ ತಿಳಿಯಬೇಕು! ಟೈಪ್ ಮಾಡುವಾಗ ಪಟ್ಟಿ ಮಲಗಿರುವಂತೆ ಒಂದು ವ್ಯವಸ್ಥೆ ಮಾಡಿಕೊಟ್ಟೆ. ಕೈ ನೋಡುವ ಪಾಠ ನನಗೆ ಹತ್ತಿದ್ದು ಅಲ್ಲಿಂದ.

ಆ ಪಾಠ ಗಟ್ಟಿಯಾದದ್ದು ಬಬಲೇಶ್ವರದಲ್ಲಿ. ಖಂಡೇಪೂಜೆ ಎಂದರೆ ನಮ್ಮ ಕಡೆ ಆಯುಧಪೂಜೆ. ಆ ದಿನ ಅಲ್ಲಿನ ಗೊಬ್ಬರದ ಅಂಗಡಿಯ ಮುದುಕರು ಫೋನ್ ಮಾಡಿ, ಪೂಜೆ ನಡೆದಿರುವಾಗಲೇ ಅಂಗಡಿಯ ಸ್ಟಾಕ್ ಪೂರ್ತಿ ಮಾಯವಾಗಿದೆ, ದೇವರು ಮುನಿದಿದ್ದಾನೆ, ಕೂಡಲೇ ಬಾ ಎಂದರು. ಹಬ್ಬದ ಊಟ ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಿದೆ. ಹೋಗಿ ನೋಡಿದರೆ ಲ್ಯಾಪ್‌ಟಾಪಿಗೆ ಸೇವಂತಿಗೆ ಹಾರ ಹಾಕಿದ್ದಾರೆ, ಮುಂದೆ ಕಾಯಿ ಒಡೆದಿದೆ, ಪರದೆಯ ಮೇಲೆ ನೀರಲ್ಲಿ ಕಲಸಿದ ವಿಭೂತಿಯ ಮೂರು ದಪ್ಪ ಪಟ್ಟೆ. ಪೂಜೆ ಮಾಡುವಾಗ ಬಂದ್ ಮಾಡಬಾರದಿತ್ತೇ ಎಂದರೆ, ಸತ್ತ ಮಷಿನ್ನಿಗೆ ಯಾರಾದರೂ ಪೂಜೆ ಮಾಡುತ್ತಾರೇನು ಎಂದು ನನ್ನನ್ನೇ ಕೇಳಿದರು.

ಆದದ್ದು ಇಷ್ಟೇ. ಮೂರು ಬೆರಳು ಕೂಡಿಸಿ ಅಡ್ಡ ಎಳೆದರೆ ಇರುವ ಕಿಟಕಿ ಸರಿದು ಇನ್ನೊಂದು ಕಿಟಕಿ ಬರಬೇಕೆಂದು ಆ ಟಚ್ ಮಷಿನ್ನಿಗೆ ಕಂಪನಿಯವರು ಮೊದಲೇ ಹೇಳಿಕೊಟ್ಟಿದ್ದರು. ವಿಭೂತಿಯನ್ನು ನಮ್ಮವರು ಹಚ್ಚುವುದೂ ಮೂರೇ ಬೆರಳು ಕೂಡಿಸಿ, ಅಡ್ಡ ಎಳೆದು! ಮುದುಕರು ಭಕ್ತಿಯಿಂದ ಎಳೆದರು, ಸ್ಟಾಕ್ ಸರಿದು ಹೋಯಿತು. ಗಾಬರಿಯಾಗಿ ಕ್ಷಮೆ ಕೇಳಲು ಪಟ್ಟಿಗೂ ಹಚ್ಚಿದರು, ಇನ್ನಷ್ಟು ಸರಿಯಿತು. ನಾನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಮೂರು ಬೆರಳು ಈ ಕಡೆ ಎಳೆದೆ. ಯೂರಿಯಾ, ಡಿಎಪಿ ಎಲ್ಲ ಇದ್ದಲ್ಲಿಗೇ ಬಂದು ನಿಂತವು. ಮುದುಕರು ನನ್ನ ಕಾಲಿಗೆ ಬೀಳುವುದೊಂದು ಬಾಕಿ.

ಮರುದಿನ ಅಂಗಡಿಯಲ್ಲಿ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಗುಂಡಿ ಇದ್ದಿದ್ದರೆ ದೇವರ ಹೆಸರು ಕೆಡುತ್ತಿತ್ತೇ ಎಂದು ಮಾಲಕರನ್ನು ಬೆನ್ನಟ್ಟಿದೆ. ಅವರು ಎದ್ದು ಒಳಗೆ ಹೋಗಿ, ಹಿಂದಿನ ವರ್ಷದ ಖಂಡೇಪೂಜೆಗೆ ಗುಂಡಿಗಳ ಸಂದಿಯಲ್ಲಿ ಕುಂಕುಮ ಮತ್ತು ಕಾಯಿನೀರು ಇಳಿದು ಸತ್ತ ಒಂದು ಕೀಬೋರ್ಡ್ ತಂದು ನನ್ನ ಮುಂದೆ ಇಟ್ಟು, ಸುಮ್ಮನೆ ಚಹಾ ಕುಡಿಯುತ್ತಾ ಕೂತರು. ಅವತ್ತು ಇಬ್ಬರೂ ಸಮ ಸಮ.

ಈಗ ತಿಕೋಟಾದ ಮಾತು. ಇಷ್ಟು ಬರೆಯಲು ಕೂತದ್ದೇ ಅದಕ್ಕಾಗಿ.

ತಿಕೋಟಾದ ಸುತ್ತ ದ್ರಾಕ್ಷಿ ತೋಟಗಳು. ಅಲ್ಲಿ ಮಲ್ಲನಗೌಡ್ರು ಎಂಬವರದು ಒಂದು ದೊಡ್ಡ ಶೆಡ್ಡು. ಸುತ್ತಿನ ರೈತರು ಒಣಗಿಸಿದ ದ್ರಾಕ್ಷಿಯನ್ನು ತಂದು ಹಾಕುತ್ತಾರೆ. ಹೆಣ್ಣುಮಕ್ಕಳು ಉದ್ದ ಟೇಬಲ್ಲುಗಳ ಎರಡೂ ಬದಿ ಕೂತು ಕಡ್ಡಿ ತೆಗೆದು, ಬಣ್ಣ ನೋಡಿ, ಹಸಿರು ಬೇರೆ, ಹಳದಿ ಬೇರೆ, ಕಪ್ಪು ಬೇರೆ ಮಾಡುತ್ತಾರೆ. ಪ್ರತಿ ಟ್ರೇ ಕೊನೆಯ ಟೇಬಲ್ಲಿಗೆ ಬಂದಾಗ ಅದನ್ನು ಕೈಯಾಡಿಸಿ ನೋಡಿ, ಇದು ಯಾರ ತೋಟದ ಮಾಲು, ಯಾವ ದರ್ಜೆ ಎಂದು ಕಂಪ್ಯೂಟರಿಗೆ ಹಾಕಬೇಕು. ಆ ಕೊನೆಯ ಟೇಬಲ್ಲಿಗೆ ಗೌಡ್ರು ಸುಜಾತಾಳನ್ನು ಕೂಡಿಸಲು ಒಪ್ಪಿದ್ದರು.

ಸುಜಾತಾ ಆ ಊರಿನ ಹುಡುಗಿ. ತಾಯಿ ಅದೇ ಶೆಡ್ಡಿನಲ್ಲಿ ದ್ರಾಕ್ಷಿ ಆರಿಸುವ ಕೂಲಿ ಮಾಡುತ್ತಿದ್ದಳು, ಇವಳೂ ತಾಯಿಯ ಪಕ್ಕದಲ್ಲಿ ಕೂತು ಆರಿಸಿದವಳೇ. ಪಿಯುಸಿ ಮುಗಿಸಿ, ಬಸ್ಸಿನಲ್ಲಿ ವಿಜಯಪುರಕ್ಕೆ ಓಡಾಡಿ ಕಂಪ್ಯೂಟರ್ ಕ್ಲಾಸು ಮಾಡಿದ್ದಳು. ಆ ಶೆಡ್ಡಿನಲ್ಲಿ ಕೂಲಿ ಟೇಬಲ್ಲಿನಿಂದ ಎದ್ದು ಕುರ್ಚಿಯ ಮೇಲೆ ಕೂತ ಹೆಣ್ಣುಮಗಳು ಅವಳಿಗಿಂತ ಮೊದಲು ಒಬ್ಬಳೂ ಇರಲಿಲ್ಲ. ಕೆಲಸ ಬಂದರೆ ಕುರ್ಚಿ, ಬರದಿದ್ದರೆ ತಿರುಗಿ ತಾಯಿಯ ಪಕ್ಕ, ಮತ್ತು ಆ ಜಾಗಕ್ಕೆ ಪಟ್ಟಣದಿಂದ ಒಬ್ಬ ಗಂಡಸು. ಗೌಡ್ರು ಇದನ್ನು ಎಲ್ಲರ ಮುಂದೆಯೇ ಹೇಳಿದ್ದರು.

ಮಷಿನ್ನು ಆರಿಸಿದ್ದು ನಮ್ಮ ಮಾಲಕರು, ಟಚ್ ಪರದೆಯದು. ಪರದೆಯ ಮೇಲೆ ದೊಡ್ಡ ದೊಡ್ಡ ಚೌಕ ಮಾಡಿ, ಒಂದೊಂದು ಚೌಕಕ್ಕೆ ಒಂದೊಂದು ದರ್ಜೆ ಬರೆದಿದ್ದೆವು. ಬೆರಳಿಟ್ಟರೆ ಆಯಿತು. ಮಷಿನ್ನು ಇಟ್ಟ ದಿನ ಗೌಡ್ರು, ಮಾಲಕರು, ನಾನು ಮೂವರೂ ಅದರ ಸುತ್ತ ನಿಂತು, ಪರದೆ ಎಷ್ಟು ಬಾಗಿರಬೇಕು, ಚೌಕ ಎಷ್ಟು ದೊಡ್ಡದಿರಬೇಕು, ಗುಂಡಿ ಬೇಕೋ ಬೇಡವೋ ಎಂದು ಬಹಳ ಹೊತ್ತು ವಾದ ಮಾಡಿದೆವು. ಸುಜಾತಾ ಹಿಂದೆ ನಿಂತು ಇಣುಕುತ್ತಿದ್ದಳು. ಗೌಡ್ರು ತಿರುಗಿ ನೋಡಿ, "ಬೆಳಕಿಗಿ ಅಡ್ಡ ನಿಂದ್ರಬ್ಯಾಡ ಬೇ, ಆಕಡೆ ಸರಿ" ಎಂದರು. ಅವಳು ಸರಿದಳು. ನಾವು ವಾದ ಮುಂದುವರಿಸಿದೆವು.

ಕೆಲಸ ಶುರುವಾದ ದಿನವೇ ಎಲ್ಲ ಎಡವಟ್ಟಾಯಿತು. ಒಣದ್ರಾಕ್ಷಿ ಮುಟ್ಟಿದ ಬೆರಳಿಗೆ ಸಕ್ಕರೆಯ ಜಿಗಿ ಹತ್ತಿ ಅಂಟಂಟಾಗುತ್ತದೆ. ಟ್ರೇಗೊಮ್ಮೆ ಕೈ ತೊಳೆಯುತ್ತಾ ಕೂತರೆ ಮಾಲು ಸಾಗುವುದಿಲ್ಲ. ಆ ಜಿಗಿ ಪರದೆಗೆ ಹತ್ತಿತು, ಅದರ ಮೇಲೆ ದೂಳು ಕೂತಿತು, ಬೆವರಿನ ಹಸಿ ಸೇರಿತು. ಮಧ್ಯಾಹ್ನದೊಳಗೆ ಪರದೆ ತನ್ನನ್ನು ತಾನೇ ಮುಟ್ಟಿಕೊಳ್ಳತೊಡಗಿತು. ಇವಳು ಹಸಿರು ಎಂದು ಬೆರಳಿಟ್ಟರೆ ಕಪ್ಪು ಎಂದು ಬೀಳುತ್ತಿತ್ತು. ಒಬ್ಬ ರೈತರ ಒಳ್ಳೆಯ ಮಾಲು ಕೆಳ ದರ್ಜೆಗೆ ಹೋಗಿ, ಅವರು ಶೆಡ್ಡಿನಲ್ಲಿ ನಿಂತು ಕೂಗಾಡಿದರು. ಗೌಡ್ರು ನನಗೆ ಫೋನ್ ಮಾಡಿ ಹೇಳಿದ್ದು ಒಂದೇ ಮಾತು: "ಮಷಿನ್ ಚೊಲೋ ಐತಿ. ಆಕಿಗೆ ಬರಂಗಿಲ್ಲ."

ಆ ಮಾತು ಕೇಳಿ ನನಗೆ ಉರಿದು ಹೋಯಿತು. ಹೋಗಿ ನೋಡಿದಾಗ ಅವಳು ಕುರ್ಚಿಯ ಅಂಚಿನಲ್ಲಿ ಕೂತು, ಬೆರಳನ್ನು ಸೆರಗಿಗೆ ಒರೆಸಿ ಒರೆಸಿ ಪರದೆ ಮುಟ್ಟುತ್ತಿದ್ದಳು. ಬೆರಳ ತುದಿಗಳು ಕೆಂಪಾಗಿದ್ದವು. ಅವಳ ತಾಯಿ ದೂರದ ಟೇಬಲ್ಲಿನಿಂದ ನೋಡುತ್ತಾ ದ್ರಾಕ್ಷಿ ಆರಿಸುವುದನ್ನೇ ಮರೆತಿದ್ದಳು. ತಪ್ಪು ಮಷಿನ್ನಿನದು, ಹುಡುಗಿಯದಲ್ಲ, ನನಗೆ ಒಂದು ಅವಕಾಶ ಕೊಡಿ ಎಂದು ಗೌಡ್ರಿಗೆ ಗಂಟು ಬಿದ್ದೆ. ನಿಜ ಹೇಳುತ್ತೇನೆ, ಸುಜಾತಾಳ ಮೇಲಿನ ಕನಿಕರ ಎಷ್ಟಿತ್ತೋ, ಬೆರಳು ಪಕ್ಷ ಮಣ್ಣು ಮುಕ್ಕಿತು ಎಂಬ ಖುಷಿಯೂ ಅಷ್ಟೇ ಇತ್ತು.

ಅಂಗಡಿಯ ಅಟ್ಟದಿಂದ ನನ್ನ ಪ್ರೀತಿಯ ದಪ್ಪ ಮಷಿನ್ನು ಇಳಿಸಿದೆ. ಒಂದೊಂದು ದರ್ಜೆಗೆ ಒಂದೊಂದು ಗುಂಡಿ, ಗುಂಡಿಯ ಮೇಲೆ ಅದೇ ಬಣ್ಣದ ಚೀಟಿ. ಅವಳು ಮೊದಲ ದಿನ ನೋಡಿ ನೋಡಿ ಒತ್ತಿದಳು. ಮರುದಿನದಿಂದ ಅವಳ ಕಣ್ಣು ಟ್ರೇ ಬಿಟ್ಟು ಏಳಲೇ ಇಲ್ಲ. ಎಡಗೈ ದ್ರಾಕ್ಷಿಯಲ್ಲಿ, ಬಲಗೈ ಗುಂಡಿಯ ಮೇಲೆ, ಟಕ್ ಟಕ್ ಟಕ್. ಆ ಸದ್ದು ಕೇಳುತ್ತಾ ನಿಂತರೆ ನನಗೆ ಎದೆ ಉಬ್ಬಿ ಬರುತ್ತಿತ್ತು. ಅಂಗಡಿಗೆ ಬಂದು ಮಾಲಕರ ಮುಂದೆ ಆ ಸದ್ದನ್ನು ಬಾಯಿಂದ ಮಾಡಿ ತೋರಿಸಿದೆ. ಅವರು ಆಯಿತಪ್ಪಾ ಎಂದು ಮುಖ ಸಪ್ಪಗೆ ಮಾಡಿಕೊಂಡರು.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಗೌಡ್ರ ಫೋನ್ ಮತ್ತೆ ಬಂತು. ಹೋದರೆ ಪರದೆಯ ತುಂಬ ಒಂದೇ ಅಕ್ಷರ, ಸಾಲು ಸಾಲಾಗಿ ಓಡುತ್ತಿದೆ. ಸಕ್ಕರೆಯ ಜಿಗಿ ಗುಂಡಿಗಳ ಬುಡಕ್ಕೆ ಇಳಿದು ಗಟ್ಟಿಯಾಗಿತ್ತು. ಒತ್ತಿದ ಗುಂಡಿ ಮೇಲೆ ಏಳುತ್ತಲೇ ಇರಲಿಲ್ಲ. ಉಗುರು ಹಾಕಿ ಎಬ್ಬಿಸಿದರೆ ಪಕ್ಕದ್ದು ಕೂಡುತ್ತಿತ್ತು. ಬೆರಳೂ ಸೋತಿತ್ತು, ಗುಂಡಿಯೂ ಸೋತಿತ್ತು. ಈ ಎರಡು ಬಿಟ್ಟು ಮೂರನೆಯ ದಾರಿ ನನಗೆ ಗೊತ್ತಿರಲಿಲ್ಲ.

ಗೌಡ್ರು ಕೆಟ್ಟ ಮನುಷ್ಯರಲ್ಲ. ಸಮಾಧಾನದಿಂದಲೇ ಹೇಳಿದರು. ಎರಡು ಸಲ ನೋಡಿದ್ದಾಯಿತು, ಸೀಸನ್ ನಿಲ್ಲುವುದಿಲ್ಲ, ಸೋಮವಾರದಿಂದ ಪಟ್ಟಣದವನು ಬರುತ್ತಾನೆ, ಅವನು ಪೆನ್ನಿನಿಂದ ಬರೆದುಕೊಂಡು ಸಂಜೆ ಕಂಪ್ಯೂಟರಿಗೆ ಹಾಕುತ್ತಾನೆ. ಸುಜಾತಾ ಎದ್ದು ನಿಂತಳು. ಕುರ್ಚಿಯನ್ನು ಟೇಬಲ್ಲಿನ ಕೆಳಗೆ ಮೆಲ್ಲಗೆ ತಳ್ಳಿ, ತಾಯಿ ಇದ್ದ ಕಡೆ ನಡೆಯತೊಡಗಿದಳು.

ಅಷ್ಟರಲ್ಲಿ ಗೌಡ್ರಿಗೆ ಒಂದು ಕರೆ ಬಂತು. ಅವರು ಮಾತು ನಿಲ್ಲಿಸಿ ಅಂಗಿಯ ಜೇಬಿನಿಂದ ಫೋನ್ ತೆಗೆದರು, ಹೆಬ್ಬೆರಳಿನಿಂದ ಪರದೆಯನ್ನು ಸವರಿದರು, ಹಲೋ ಎಂದರು. ಫೋನು ದ್ರಾಕ್ಷಿ ತುಂಬುವ ತೆಳು ಪ್ಲಾಸ್ಟಿಕ್ ಚೀಲದೊಳಗಿತ್ತು.

ಆ ಶೆಡ್ಡಿನಲ್ಲಿ ಎಲ್ಲರೂ ಹಾಗೇ ಇಡುವುದು. ಜಿಗಿ ಹತ್ತಬಾರದೆಂದು ಫೋನ್ ಚೀಲದಲ್ಲಿ, ಚೀಲದ ಮೇಲಿಂದಲೇ ಬೆರಳು. ನಾನು ಅದನ್ನು ಎಷ್ಟೋ ಸಲ ಕಂಡಿದ್ದೆ, ಮಾಲಕರೂ ಕಂಡಿದ್ದರು, ಗೌಡ್ರಂತೂ ದಿನವೂ ಸವರುತ್ತಿದ್ದರು. ಒಬ್ಬರ ತಲೆಗೂ ಹೋಗಿರಲಿಲ್ಲ! ಗೌಡ್ರು ಇನ್ನೂ ಮಾತಾಡುತ್ತಿದ್ದರು, ನಾನು ಅವರ ಕೈ ಹಿಡಿದು ಫೋನನ್ನು ಕಿವಿಯಿಂದ ಕೆಳಗಿಳಿಸಿ, ಚೀಲದ ಮೇಲಿಂದ ಪರದೆಯನ್ನು ನಾನೇ ಒಮ್ಮೆ ಸವರಿ ನೋಡಿದೆ. ಆ ಕಡೆಯವರ ಕರೆ ಕಡಿಯಿತು. ನಾನು ಕುಣಿಯುವುದೊಂದು ಬಾಕಿ. ಇವನಿಗೆ ಬಿಸಿಲು ಹತ್ತಿದೆ ಎಂದು ಗೌಡ್ರು ತಿಳಿದರು.

ಸುಜಾತಾಳನ್ನು ಕೂಗಿ ಕರೆದೆ. ದೊಡ್ಡ ಪೆಟ್ಟಿಗೆಗೆ ಒಳಗಿನಿಂದ ಹಾಕುವ ಅಗಲ ಚೀಲವೊಂದನ್ನು ತರಿಸಿದೆ. ನನ್ನ ದಪ್ಪ ಮಷಿನ್ನನ್ನು ಉಜ್ಜಿ ಸ್ವಚ್ಛ ಮಾಡಿ, ಗುಂಡಿ ಏಳುವಂತೆ ಮಾಡಿ, ಚೀಲದೊಳಗೆ ಇಳಿಸಿದೆವು. ಚೀಲದ ಮೇಲಿಂದ ಒತ್ತಿದಳು. ಟಕ್. ಜಿಗಿ ಚೀಲದ ಮೇಲೇ ಉಳಿಯಿತು, ಒರೆಸಿದರೆ ಹೋಯಿತು. ಗೆದ್ದೆವು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಚೀಲ ಉಸಿರಾಡತೊಡಗಿತು. ಮಷಿನ್ನಿನ ಒಳಗಿನ ಫ್ಯಾನು ಗಾಳಿ ಎಳೆಯಲು ಹೋಗಿ ಪ್ಲಾಸ್ಟಿಕ್ಕನ್ನೇ ಎಳೆದುಕೊಂಡು ಬಾಯಿ ಮುಚ್ಚಿಕೊಂಡಿತು. ಮಷಿನ್ನು ಕಾದು ಕಾದು ತಾನೇ ಬಂದ್ ಬಿತ್ತು. ಮಾಲಕರು ಕೊಟ್ಟಿದ್ದ ಟಚ್ ಮಷಿನ್ನಿಗೂ ಫ್ಯಾನು ಇತ್ತು. ಅದರದೂ ಅದೇ ಹಣೆಬರಹ ಆಗುತ್ತಿತ್ತು.

ಫ್ಯಾನೇ ಇಲ್ಲದ ಒಂದು ಲ್ಯಾಪ್‌ಟಾಪ್ ನಮ್ಮ ಅಂಗಡಿಯಲ್ಲಿ ಇತ್ತು. ಅದು ಮಾಲಕರು ಆಸೆಪಟ್ಟು ತರಿಸಿ, ಯಾರೂ ಕೊಳ್ಳದೆ ಶೋಕೇಸಿನಲ್ಲಿ ಉಳಿದ ಮಷಿನ್ನು. ತೆಳ್ಳಗೆ, ನುಣ್ಣಗೆ, ಪರದೆ ಪೂರ್ತಿ ಹಿಂದಕ್ಕೆ ಮಡಚಿಕೊಳ್ಳುತ್ತಿತ್ತು, ಚಾಲೂ ಮಾಡಿದರೆ ಒಂದಿಷ್ಟೂ ಸದ್ದಿಲ್ಲ. ಗಿರಾಕಿಗಳು ಅದರ ಹೊಳೆಯುವ ಪರದೆಯಲ್ಲಿ ಮೀಸೆ ನೋಡಿಕೊಂಡು ಹೋಗುತ್ತಿದ್ದರು. ಅದಕ್ಕೆ ನಾನೇ ಕನ್ನಡಿ ಎಂದು ಹೆಸರಿಟ್ಟು, ಬಂದವರ ಮುಂದೆಲ್ಲಾ ನಗೆಯಾಡಿದ್ದೆ. ಈಗ ಜಗತ್ತಿನಲ್ಲಿ ನನಗೆ ಬೇಕಾದದ್ದು ಅದೊಂದೇ.

ಮಾಲಕರಿಗೆ ಫೋನ್ ಹಚ್ಚಿದೆ. ಎಲ್ಲ ವಿವರಿಸಿ, ಕನ್ನಡಿಯನ್ನು ಯಾರ ಕೈಯಲ್ಲಾದರೂ ಕಳಿಸಿ ಎಂದೆ.

"ಮಹಾಂತೇಶ, ಯಾವ ಮಷಿನ್ ಬೇಕಂದಿ? ಇನ್ನೊಮ್ಮಿ ಹೇಳು" ಎಂದರು ಮಾಲಕರು.

"ಕನ್ನಡಿ ರಿ."

"ಅದು ಟಚ್ ಐತಲ್ಲೋ."

"ಟಚ್ಚ ಬೇಕ್ರಿ" ಎಂದೆ. ಇಷ್ಟು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಯಾರ ಕೈಯಲ್ಲೂ ಕಳಿಸಲಿಲ್ಲ ಪುಣ್ಯಾತ್ಮರು. ಅಂಗಡಿಯ ಬಾಗಿಲು ಎಳೆದುಕೊಂಡು, ಸ್ಕೂಟರಿನ ಮುಂದೆ ಕನ್ನಡಿ ಇಟ್ಟುಕೊಂಡು, ಆ ಉರಿ ಬಿಸಿಲಿನಲ್ಲಿ ತಾವೇ ಬಂದರು. ಹೆಲ್ಮೆಟ್ ತೆಗೆಯುವ ಮೊದಲೇ ಮಷಿನ್ ಮುಂದೆ ಚಾಚಿದರು. ಮುಖದ ಮೇಲೆ ಮದುವೆಮನೆಯ ಕಳೆ.

ಮೊದಲಿನ ಮಷಿನ್ನಿನ ಚೌಕಗಳನ್ನೇ ಕನ್ನಡಿಗೂ ಹಾಕಿ, ಅದರ ಪರದೆಯನ್ನು ಹಿಂದಕ್ಕೆ ಮಡಚಿ ಹಲಗೆಯಂತೆ ಮಾಡಿ, ಚೀಲದೊಳಗೆ ಇಳಿಸಿ, ಚೀಲದ ಬಾಯಿಯನ್ನು ಹಿಂದೆ ಬಿಟ್ಟು ಚಾರ್ಜರಿನ ವೈರನ್ನು ಅಲ್ಲಿಂದ ಎಳೆದೆವು. ತಲೆಯ ಮೇಲೆ ಶೆಡ್ಡಿನ ಫ್ಯಾನು ತಿರುಗುತ್ತಿತ್ತು. ಸುಜಾತಾ ಕುರ್ಚಿಯನ್ನು ಹೊರಗೆಳೆದು ಕೂತಳು. ಟ್ರೇ ಬಂತು. ಜಿಗಿ ಹತ್ತಿದ ಕೈಯಿಂದಲೇ ಹಸಿರು ಚೌಕ ಮುಟ್ಟಿದಳು, ಹಸಿರೇ ಬಿತ್ತು. ಕಪ್ಪು ಮುಟ್ಟಿದಳು, ಕಪ್ಪೇ. ಚೀಲ ಮಸುಕಾದರೆ ಒದ್ದೆ ಬಟ್ಟೆಯಿಂದ ಒರೆಸುವುದು, ತೀರಾ ಕೆಟ್ಟರೆ ಹೊಸ ಚೀಲ. ಆ ಶೆಡ್ಡಿನಲ್ಲಿ ಚೀಲಕ್ಕೇನು ಬರ? ಟ್ರೇಗಳು ಸಾಲುಗಟ್ಟಿ ಬಂದವು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಕೆಲಸ ಬಿಟ್ಟು ಬಂದು ಸುತ್ತ ನಿಂತರು, ಗೌಡ್ರೂ ಯಾರನ್ನೂ ಗದರಲಿಲ್ಲ. ಸಂಜೆಯವರೆಗೆ ಒಂದೂ ತಪ್ಪು ಬೀಳಲಿಲ್ಲ. ಮಾಲಕರು ನನ್ನ ಬೆನ್ನಿಗೆ ಗುದ್ದಿದರು, ನಾನು ಅವರ ಬೆನ್ನಿಗೆ ಗುದ್ದಿದೆ. ಮಾಲಕರ ಬೆನ್ನಿಗೆ ಗುದ್ದಿದವನು ನಾನೊಬ್ಬನೇ ಇರಬೇಕು. ಸೋಮವಾರ ಪಟ್ಟಣದವನು ಬರಲಿಲ್ಲ.

ಗುಂಡಿ ಪಕ್ಷ ಅವತ್ತಿಗೆ ಮುಳುಗಿತು ಎಂದು ಮಾಲಕರು ಊರೆಲ್ಲಾ ಡಂಗುರ ಹೊಡೆದರು. ನಾನು ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಬಹಳ ಕಷ್ಟದ ಕೆಲಸ ಎಂದು ನನ್ನ ಹೆಂಡತಿಯನ್ನು ಕೇಳಿದರೆ ಹೇಳುತ್ತಾಳೆ.

ಕೆಲವು ಸೀಸನ್ ಕಳೆದವು. ನನ್ನ ಕಣ್ಣು ಮಬ್ಬಾಗುತ್ತಾ ಬಂತು, ಕೆಲಸ ಬಿಡುವ ದಿನ ಗೊತ್ತಾಯಿತು. ಆಗಲೇ ಗೌಡ್ರು ಎರಡನೆಯ ಶೆಡ್ಡು ಕಟ್ಟಿಸಿ, ಹೊಸ ಮಷಿನ್ನುಗಳು ಬೇಕು ಬನ್ನಿ ಎಂದರು. ಇದು ನನ್ನ ಕೊನೆಯ ಕೆಲಸ ಎಂದು ಮಾಲಕರೂ ಜೊತೆಗೆ ಹೊರಟರು. ಬಸ್ಸಿನಲ್ಲಿ ತಿಕೋಟಾ ಬರುವವರೆಗೆ ಅದೇ ಜಗಳ. ಗುಂಡಿ ಇರುವುದು ಕೊಡೋಣ ಎಂದು ನಾನು, ಪೂರ್ತಿ ಟಚ್ ಎಂದು ಅವರು. ಟಿಕೆಟ್ ಕೊಡುವ ಕಂಡಕ್ಟರನ್ನೂ ಬಿಡಲಿಲ್ಲ. ಆತ ಗುಂಡಿ ಪಕ್ಷ, ಟಿಕೆಟ್ ಮಷಿನ್ನಿನ ಗುಂಡಿ ತೋರಿಸಿದ.

ಶೆಡ್ಡಿನಲ್ಲಿ ಗೌಡ್ರ ಮುಂದೆ ನಮ್ಮ ವಾದ ಬಿಚ್ಚಿದೆವು. ಅವರು ಅರ್ಧವೂ ಕೇಳಲಿಲ್ಲ.

"ನನ್ನೇನ ಕೇಳ್ತೀರಿ? ದಿನಾ ಮುಟ್ಟಾಕಿ ಆಕಿ. ಆಕೀನ ಕೇಳ್ರಿ" ಎಂದು ಕೊನೆಯ ಟೇಬಲ್ಲಿನ ಕಡೆ ಕೈ ಮಾಡಿದರು.

ಆಕಿಗೆ ಬರಂಗಿಲ್ಲ ಎಂದಿದ್ದ ಅದೇ ಬಾಯಿ. ನಾನು ಮಾಲಕರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು.

ಸುಜಾತಾ ಕುರ್ಚಿಯ ತುಂಬ ಕೂತಿದ್ದಳು. ಪಕ್ಕದಲ್ಲಿ ಇನ್ನೊಬ್ಬ ಹೆಣ್ಣುಮಗಳು ಸ್ಟೂಲಿನ ಮೇಲೆ ಕೂತು ಕೆಲಸ ಕಲಿಯುತ್ತಿದ್ದಳು. ಹೊಸ ಮಷಿನ್ನು ಎಂಥದು ಬೇಕು ಎಂದು ನಾನು ಕೇಳಿದಾಗ ಅವಳು ಬಹಳ ದಿನದಿಂದ ಆ ಪ್ರಶ್ನೆಗೇ ಕಾದಿದ್ದವಳಂತೆ ಶುರು ಮಾಡಿದಳು. ಕನ್ನಡಿ ಒಳ್ಳೆಯದೇ, ಆದರೆ ಮಧ್ಯಾಹ್ನದ ಸೆಕೆಗೆ ತೂಕಡಿಸುತ್ತದೆ. ಹೊಳೆಯುವ ಪರದೆಯಲ್ಲಿ ಮೇಲಿನ ಟ್ಯೂಬ್‌ಲೈಟೇ ಕಾಣುತ್ತದೆ, ಹೊಳಪಿಲ್ಲದ್ದು ಇದ್ದರೆ ತನ್ನಿ. ಚೌಕ ಮುಟ್ಟುವುದು ಇರಲಿ, ಯಾರ ತೋಟ ಎಂದು ಹುಡುಕಲು ಅದೇ ಸಲೀಸು. ಆಮೇಲೆ ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ.

"ಆದ್ರ ದರ್ಜೆ ಹಾಕಾಕ ಗುಂಡಿ ಬೇಕ್ರಿ. ಪರದೆ ಮ್ಯಾಲ ಒತ್ತಿದ್ರ ಒತ್ತೇತೋ ಇಲ್ಲೋ ನಾ ತಲಿ ಎತ್ತಿ ನೋಡಬೇಕು. ಗುಂಡಿ ಇದ್ರ ಬೆರಳಿಗೇ ಗೊತ್ತಾಕ್ಕೇತಿ. ನನ್ನ ಕಣ್ಣು ದ್ರಾಕ್ಷಿ ಮ್ಯಾಲ ಇರಬೇಕ್ರಿ, ಮಷಿನ್ ಮ್ಯಾಲ ಅಲ್ಲ."

ನಾನು ಎರಡೂ ಕೈ ಮೇಲಕ್ಕೆತ್ತಿದೆ. ಗುಂಡಿ ಗೆದ್ದಿತು ಎಂದೆ. ಚೌಕ ಇರಲಿ ಎಂದಳಲ್ಲ, ಬೆರಳು ಗೆದ್ದಿತು ಎಂದರು ಮಾಲಕರು. ಟಚ್ ಪರದೆಗೆ ಹೊರಗಿನಿಂದ ಒಂದು ಸಣ್ಣ ಗುಂಡಿಹಲಗೆ ಸೇರಿಸಿ, ಎರಡಕ್ಕೂ ಬೇರೆ ಬೇರೆ ಚೀಲ ಹಾಕಬಹುದು ಎಂದು ನಾನು, ಹಲಗೆಗೆ ವೈರು ಬೇಡ ಎಂದು ಅವರು, ವೈರಿಲ್ಲದ್ದು ಸೆಲ್ಲು ತಿನ್ನುತ್ತದೆ ಎಂದು ಮತ್ತೆ ನಾನು. ಇಬ್ಬರೂ ಅವಳ ಟೇಬಲ್ಲಿಗೇ ಬಾಗಿ, ಗಾಳಿಯಲ್ಲಿ ಬೆರಳಾಡಿಸುತ್ತಾ ವಾದಕ್ಕೆ ಇಳಿದಿದ್ದೆವು. ಅಷ್ಟು ಖುಷಿಯ ಜಗಳ ನಾವು ಯಾವತ್ತೂ ಆಡಿರಲಿಲ್ಲ.

ಮುಂದಿನ ಟ್ರೇ ಬಂದು ನಿಂತಿತ್ತು. ಸುಜಾತಾ ಹೊಸ ಚೀಲ ಹಾಕಿ, ಅಂಚು ಸವರಿ, ದ್ರಾಕ್ಷಿಯಲ್ಲಿ ಕೈಯಾಡಿಸಿದಳು. ಬಣ್ಣ ಕಾಣದೆ ತಲೆ ಎತ್ತಿದಳು.

"ಇಬ್ರೂ ಬೆಳಕಿಗಿ ಅಡ್ಡ ನಿಂತೀರಿ. ಆಕಡೆ ಸರೀರಿ" ಎಂದಳು.

ನಾವು ಸರಿದು ನಿಂತೆವು.